ತೆಳ್ಳನೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ಮೊದಲು ಮುಚ್ಚಳ ಬಿಚ್ಚಿ, ಪರ್ಸು ಆಮೇಲೆ

ಎರಡು ವರ್ಷದ ಹಿಂದಿನ ಮಾತು. ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿ ಜಾಗ ತುಂಬಿಹೋಗಿತ್ತು. "ಮಾಮ, ನೀನೇ ಏನಾದ್ರೂ ಮಾಡು" ಅಂದಳು. ನಾನು ಭಾರೀ ತಿಳಿದವನ ಹಾಗೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ 1 ಟಿಬಿ ಎಸ್‌ಎಸ್‌ಡಿ, ಅಂದರೆ ಕಡತಗಳನ್ನೆಲ್ಲ ಚಿಪ್ಪಿನಲ್ಲಿ ಇಟ್ಟುಕೊಳ್ಳುವ ಡ್ರೈವ್, ತಂದೆ. ಭಾನುವಾರ ಬೆಳಿಗ್ಗೆ ಹಿಂದಿನ ಮುಚ್ಚಳ ಬಿಚ್ಚಿ ನೋಡಿದರೆ ಒಳಗಿದ್ದ ಜಾಗ ಅರ್ಧ ಬೆರಳಿನಷ್ಟು. ನನ್ನ ಕೈಯಲ್ಲಿದ್ದ ಪಟ್ಟಿ ಅದರ ಎರಡರಷ್ಟು ಉದ್ದ. 42 ಮಿ.ಮೀ. ಕೂರುವ ಕಡೆಗೆ 80 ಮಿ.ಮೀ. ತಂದಿದ್ದೆ. ಪ್ಯಾಕ್ ಒಡೆದಿದ್ದರಿಂದ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅವರದೇನೂ ತಪ್ಪಿಲ್ಲ ಬಿಡಿ, ನೋಡದೆ ಹೋಗಿ ಕೊಂಡವನು ನಾನು.

ದಪ್ಪ ಲ್ಯಾಪ್‌ಟಾಪುಗಳ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ತೆಗೆದು ಅದೇ ಅಳತೆಯ ಎಸ್‌ಎಸ್‌ಡಿ ಹಾಕಿದರೆ ಮುಗಿಯುತ್ತಿತ್ತು. ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಉದ್ದ, ದಪ್ಪ, ಶಾಖ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ವೇಗದ ಅಂಕಿಯನ್ನು ಕೊನೆಗೆ ನೋಡಿದರೆ ಸಾಕು. ಅದಕ್ಕೇ ಈ ಲೇಖನದಲ್ಲಿ ಕೊಳ್ಳುವ ಮಾತು ತಡವಾಗಿ ಬರುತ್ತದೆ.

1. ನಿಜಕ್ಕೂ ಎಸ್‌ಎಸ್‌ಡಿ ಬೇಕಾ?

ಲ್ಯಾಪ್‌ಟಾಪ್ ನಿಧಾನ ಅಂದ ಕೂಡಲೇ ಎಲ್ಲರೂ "ಎಸ್‌ಎಸ್‌ಡಿ ಹಾಕಿಸಿ" ಅನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗಬಾರದು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ನೀವು ದಿನಾ ಮಾಡುವ ಕೆಲಸವನ್ನೇ ಮಾಡುತ್ತಾ ಐದು ನಿಮಿಷ ಗಮನಿಸಿ. ಮೆಮೊರಿ ಶೇಕಡಾ 90ರ ಮೇಲೆಯೇ ಕೂತಿದ್ದರೆ ನಿಮ್ಮ ಕೊರತೆ ರ‍್ಯಾಮ್. ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ತೆರೆದು ಎಸ್‌ಎಸ್‌ಡಿಯನ್ನು ಬೈದರೆ ಪ್ರಯೋಜನ ಇಲ್ಲ.

ಅದೇ ಪುಟದಲ್ಲಿ ಡಿಸ್ಕ್ ಅಂತ ಇರುವ ಕಡೆ ಒಳಗಿರುವುದು ಎಚ್‌ಡಿಡಿಯೋ (ಹಳೆಯ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ ಎಂದು ತೋರಿಸುತ್ತದೆ. ಎಚ್‌ಡಿಡಿ ಆಗಿದ್ದು, ಸುಮ್ನೆ ಕೂತಿದ್ದರೂ ಡಿಸ್ಕ್ 100ಕ್ಕೆ ಮುಟ್ಟುತ್ತಿದ್ದರೆ ಯೋಚನೆ ಬೇಡ, ಬದಲಿಸಿ. ಅದರಿಂದ ಸಿಗುವಷ್ಟು ಲಾಭ ಬೇರೆ ಯಾವ ಖರ್ಚಿನಿಂದಲೂ ಸಿಗುವುದಿಲ್ಲ. ಆದರೆ ಈಗಾಗಲೇ ಎಸ್‌ಎಸ್‌ಡಿ ಇದ್ದು, ಇನ್ನೂ ವೇಗದ್ದು ಹಾಕಿದರೆ ಲ್ಯಾಪ್‌ಟಾಪ್ ಹಾರುತ್ತದೆ ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಆನ್ ಆಗುವುದಕ್ಕೆ, ವರ್ಡ್ ತೆರೆಯುವುದಕ್ಕೆ ಒಂದೆರಡು ಸೆಕೆಂಡ್ ಉಳಿಯಬಹುದು, ಅಷ್ಟೇ. ಜಾಗ ಸಾಲುತ್ತಿಲ್ಲ ಅನ್ನುವುದು ಮಾತ್ರ ಒಳ್ಳೆಯ ಕಾರಣ.

2. ಬದಲಿಸಲು ಬರುತ್ತದಾ?

ಕೆಲವು ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಸ್ಟೋರೇಜ್ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 2018ರಿಂದ ಬಂದ ಮ್ಯಾಕ್‌ಬುಕ್ ಏರ್‌ಗಳೆಲ್ಲ ಹಾಗೇ. ಎಂ1, ಎಂ2 ಚಿಪ್ ಇರುವ ಮ್ಯಾಕ್‌ಬುಕ್‌ಗಳೂ ಅಷ್ಟೇ. ಅವಕ್ಕೆ ಹೊರಗಿನಿಂದ ಹಚ್ಚುವ ಎಸ್‌ಎಸ್‌ಡಿಯೇ ಗತಿ. 2013ರಿಂದ 2017ರವರೆಗಿನ ಮ್ಯಾಕ್‌ಬುಕ್ ಏರ್ ಇದ್ದರೆ ಅದೃಷ್ಟ. ಆ್ಯಪಲ್‌ನ ಕನೆಕ್ಟರ್ ಬೇರೆ ಆಕಾರದ್ದಾದರೂ ಮಾಮೂಲಿ ಎನ್‌ವಿಎಂಇ (ಈಗಿನ ವೇಗದ ಜಾತಿಯ ಎಸ್‌ಎಸ್‌ಡಿ) ಡ್ರೈವ್ ಹಾಕಲು ಪುಟ್ಟ ಅಡಾಪ್ಟರ್ ಸಿಗುತ್ತದೆ. ಆದರೆ ಹಳೆಯ ಡ್ರೈವ್ ತೆಗೆಯುವ ಮೊದಲೇ ಅದರಲ್ಲಿ ಮ್ಯಾಕ್‌ಒಎಸ್ ಹೈ ಸಿಯೆರಾ ಅಥವಾ ಅದಕ್ಕಿಂತ ಹೊಸದು ಇರಬೇಕು. ಇಲ್ಲವಾದರೆ ಹೊಸ ಡ್ರೈವ್ ಅದಕ್ಕೆ ಕಾಣಿಸುವುದೇ ಇಲ್ಲ.

ಕಡಿಮೆ ಬೆಲೆಯ ಕೆಲವು ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ 64 ಜಿಬಿ ಇಎಂಎಂಸಿ ಎಂಬ ಸ್ಟೋರೇಜ್ ಇರುತ್ತದೆ. ಅದನ್ನು ಕೀಳಲಾಗದು. ಒಳಗೆ ಖಾಲಿ ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಕಿಂಡಿ) ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ತಿಳಿಯುವುದು ಹೇಗೆ? ಲ್ಯಾಪ್‌ಟಾಪಿನ ಅಡಿಯಲ್ಲಿರುವ ಪೂರ್ತಿ ಮಾಡೆಲ್ ಹೆಸರನ್ನು ಬರೆದುಕೊಳ್ಳಿ. ಒಂದೇ ಹೆಸರಿನಲ್ಲಿ ಹತ್ತು ಥರದ್ದು ಬರುತ್ತವೆ, ಆದ್ದರಿಂದ ಕೊನೆಯ ಅಕ್ಷರದವರೆಗೂ ಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಅದರ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಎಚ್‌ಪಿ, ಡೆಲ್, ಲೆನೊವೊ ಮೂರೂ ಹಲವು ಮಾಡೆಲ್‌ಗಳ ಮ್ಯಾನ್ಯುಯಲ್ಲನ್ನು ಪುಕ್ಕಟೆ ಕೊಡುತ್ತವೆ. ಯಾವ ಸ್ಕ್ರೂ ಎಲ್ಲಿದೆ ಎಂಬುದೂ ಅದರಲ್ಲಿ ಇರುತ್ತದೆ. ಲೆನೊವೊದವರಿಗೆ ಪಿಎಸ್‌ಆರ್‌ಇಎಫ್ ಅಂತ ಇನ್ನೊಂದು ತಾಣವೇ ಇದೆ. ಸ್ಲಾಟ್ ಎಷ್ಟು, ಯಾವ ಉದ್ದ, ಎಲ್ಲಾ ಅಲ್ಲಿ ಸಿಗುತ್ತದೆ. "ಗರಿಷ್ಠ 512 ಜಿಬಿ" ಎಂದು ಬರೆದಿದ್ದರೆ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಅದು ಕಂಪನಿ ಆಗ ಪರೀಕ್ಷಿಸಿ ಮಾರಿದ ಗಾತ್ರ. ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಅದಕ್ಕಿಂತ ದೊಡ್ಡದೂ ನಡೆಯುತ್ತದೆ.

3. ಮುಚ್ಚಳ ಬಿಚ್ಚಿ, ಅಳತೆ ತೆಗೆದುಕೊಳ್ಳಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಅಂದದ್ದು ದುಡ್ಡಿನ ಬಗ್ಗೆ. ಇಲ್ಲಿ ಅದು ಅಕ್ಷರಶಃ ನಿಜ. ಎಂ.2 ಡ್ರೈವ್‌ಗಳ ಮೇಲೆ 2230, 2242, 2280 ಅಂತ ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ಅಗಲ, 22 ಮಿ.ಮೀ. ಉಳಿದದ್ದು ಉದ್ದ: 30, 42, 80 ಮಿ.ಮೀ. ಅಂಗಡಿಗಳಲ್ಲಿ ಹೆಚ್ಚು ಸಿಗುವುದು 2280. ಆದರೆ ಲೆನೊವೊದ ಹಲವು ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ 2242, ಡೆಲ್‌ನ ಕೆಲವು ಮಾಡೆಲ್‌ಗಳಲ್ಲಿ ಮತ್ತು ಮೈಕ್ರೋಸಾಫ್ಟ್‌ನ ಹಲವು ಸರ್ಫೇಸ್‌ಗಳಲ್ಲಿ 2230 ಇರುತ್ತದೆ. ಕೆಲವದರಲ್ಲಿ ಚಿಕ್ಕ ಡ್ರೈವ್ ಕೂತಿದ್ದರೂ ಮುಂದೆ 80 ಮಿ.ಮೀ.ಗೂ ಸ್ಕ್ರೂ ಜಾಗ ಬಿಟ್ಟಿರುತ್ತಾರೆ. ಅದಕ್ಕೇ ಬಿಚ್ಚಿ ನೋಡಿ ಅನ್ನುವುದು. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಅಂಗಡಿಯಲ್ಲಿ ತೋರಿಸಲು ಆಗುತ್ತದೆ.

ಎರಡನೆಯದು ಜಾತಿ. ಎಂ.2 ಅನ್ನುವುದು ಬರೀ ಆಕಾರದ ಹೆಸರು. ಅದೇ ಆಕಾರದಲ್ಲಿ ಸಾಟಾ ಡ್ರೈವೂ ಇದೆ, ಎನ್‌ವಿಎಂಇ ಡ್ರೈವೂ ಇದೆ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ದಾಟುವುದಿಲ್ಲ. ಎನ್‌ವಿಎಂಇ ಅದರ ಎಷ್ಟೋ ಪಟ್ಟು. ಚಿನ್ನದ ಬಣ್ಣದ ಹಲ್ಲುಗಳ ಸಾಲನ್ನು ನೋಡಿ. ಎಂ.2 ಸಾಟಾ ಡ್ರೈವ್‌ಗೆ ಸಾಮಾನ್ಯವಾಗಿ ಎರಡು ಕಚ್ಚು ಇರುತ್ತದೆ, ಈಗಿನ ಎನ್‌ವಿಎಂಇಗೆ ಒಂದೇ. ಹಳೆಯ ಲ್ಯಾಪ್‌ಟಾಪಿನ ಸ್ಲಾಟ್ ಸಾಟಾ ಮಾತ್ರ ಆಗಿದ್ದರೆ ಎನ್‌ವಿಎಂಇ ಡ್ರೈವ್ ಒಳಗೆ ಕೂತರೂ ಕೆಲಸ ಮಾಡುವುದಿಲ್ಲ. ಇದು ಬಹಳ ಜನ ಎಡವುವ ಜಾಗ.

ಮೂರನೆಯದು ದಪ್ಪ. ಇದನ್ನು ಯಾರೂ ಹೇಳುವುದಿಲ್ಲ. ಕೆಲವು ಡ್ರೈವ್‌ಗಳಲ್ಲಿ ಚಿಪ್ಪುಗಳು ಒಂದೇ ಬದಿಯಲ್ಲಿ ಇರುತ್ತವೆ, ಕೆಲವದರಲ್ಲಿ ಎರಡೂ ಬದಿಯಲ್ಲಿ. ಒಂದು ಬದಿಯದು ಸುಮಾರು 2.3 ಮಿ.ಮೀ. ದಪ್ಪ, ಎರಡು ಬದಿಯದು ಸುಮಾರು 3.5. ಒಂದು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಆ ಒಂದು ಮಿಲಿಮೀಟರಿಗೆ ಮುಚ್ಚಳ ಕೂರುವುದಿಲ್ಲ, ಅಥವಾ ಡ್ರೈವ್ ಬಿಲ್ಲಿನ ಹಾಗೆ ಬಾಗುತ್ತದೆ. ಒಂದು ಸಲ ಹಾಗೆ ಬಾಗಿದ್ದನ್ನು ಒತ್ತಿ ಸ್ಕ್ರೂ ಹಾಕಿಬಿಟ್ಟಿದ್ದೆ. ಎರಡು ವಾರಕ್ಕೆ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ "ಡ್ರೈವ್ ಇಲ್ಲ" ಅನ್ನತೊಡಗಿತು. 1 ಟಿಬಿಯವರೆಗೆ ಹೆಚ್ಚಿನವು ಒಂದು ಬದಿಯವೇ. 2 ಮತ್ತು 4 ಟಿಬಿ ಕೊಳ್ಳುವಾಗ ಮಾತ್ರ "ಸಿಂಗಲ್ ಸೈಡೆಡ್" ಎಂದು ಇದೆಯಾ ನೋಡಿಕೊಳ್ಳಿ.

ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತಗಡು) ಸಮೇತ ಬರುವ ಡ್ರೈವ್ ಡೆಸ್ಕ್‌ಟಾಪಿನವರಿಗೆ. ನಮಗಲ್ಲ.

4. ವೇಗಕ್ಕಿಂತ ಶಾಖ ನೋಡಿ

ನನ್ನ ಕೈಲಿರುವುದು 2018ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್, ಆರನೇ ತಲೆಮಾರು. ಆಫೀಸುಗಳಿಂದ ಹೊರಬಿದ್ದ ಇಂಥವು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಇಂಟೆಲ್ ಎಂಟನೇ ತಲೆಮಾರಿನ ಪ್ರೊಸೆಸರ್ ಇರುವುದರಿಂದ ವಿಂಡೋಸ್ 11 ಕೂಡ ಹಾಕಬಹುದು. ರ‍್ಯಾಮ್ ಬೆಸುಗೆ ಹಾಕಿದ್ದು, ಏನೂ ಮಾಡುವಂತಿಲ್ಲ. ಡ್ರೈವ್‌ಗೆ ಒಂದೇ ಸ್ಲಾಟ್: 2280, ಪಿಸಿಐಇ ಜೆನ್ 3 (ಡ್ರೈವ್‌ಗೂ ಲ್ಯಾಪ್‌ಟಾಪಿಗೂ ನಡುವಿನ ದಾರಿಯ ಮೂರನೇ ತಲೆಮಾರು), ಡೇಟಾ ಓಡಲು ನಾಲ್ಕು ಲೇನ್. ಅಂದರೆ ಸೆಕೆಂಡಿಗೆ ಸುಮಾರು 3,500 ಎಂಬಿಗಿಂತ ಮೇಲೆ ಹೋಗುವುದಿಲ್ಲ.

ಇದಕ್ಕೆ 7,000 ಎಂಬಿ ಓಡುವ ಜೆನ್ 4 ಡ್ರೈವ್ ಹಾಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕೆಲಸ ಮಾಡುತ್ತದೆ, ಆದರೆ ಜೆನ್ 3ರ ವೇಗದಲ್ಲಿ. ಎರಡಕ್ಕೂ ಬೆಲೆ ಒಂದೇ ಇದ್ದರೆ ಜೆನ್ 4 ತೆಗೆದುಕೊಳ್ಳಿ, ನಾಳೆ ಬೇರೆ ಲ್ಯಾಪ್‌ಟಾಪಿಗೆ ಬರುತ್ತದೆ. ಅದಕ್ಕಾಗಿ ಎರಡು ಸಾವಿರ ಜಾಸ್ತಿ ಕೊಡಬೇಡಿ.

ಜೆನ್ 5 ಬಗ್ಗೆ ನನ್ನ ಅಭಿಪ್ರಾಯ ನೇರ: ತೆಳ್ಳನೆಯ ಲ್ಯಾಪ್‌ಟಾಪಿಗೆ ಬೇಡ. ಕೆಲವು ಜೆನ್ 5 ಡ್ರೈವ್‌ಗಳು ಪೂರ್ತಿ ಹೊರೆ ಬಿದ್ದಾಗ 10 ವಾಟ್ ದಾಟುತ್ತವೆ. ನನ್ನ ಎಕ್ಸ್1 ಕಾರ್ಬನ್‌ನ ಪ್ರೊಸೆಸರ್‌ಗೇ ಗೊತ್ತು ಮಾಡಿರುವುದು 15 ವಾಟ್. ಆ ಶಾಖ ಹೋಗುವುದಾದರೂ ಎಲ್ಲಿಗೆ? ಡ್ರೈವ್ ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ದುಡ್ಡು ಕೊಟ್ಟು ತಂದ ವೇಗ ಅಲ್ಲಿಗೆ ಮುಗಿಯಿತು. ರಾಯಚೂರಿನ ಏಪ್ರಿಲ್‌ನಲ್ಲಿ, ಫ್ಯಾನಿನ ಕೆಳಗೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಯಾವುದು? ಡಿರ‍್ಯಾಮ್ (ಡ್ರೈವ್‌ನದೇ ಸ್ವಂತ ಪುಟ್ಟ ಮೆಮೊರಿ ಚಿಪ್) ಇಲ್ಲದ, ಟಿಎಲ್‌ಸಿ ಚಿಪ್ಪಿನ (ಅದೇನೆಂದು ಮುಂದಿನ ಭಾಗದಲ್ಲಿದೆ), ಮಧ್ಯಮ ದರ್ಜೆಯ ಡ್ರೈವ್‌ಗಳು ತೆಳ್ಳನೆಯ ಲ್ಯಾಪ್‌ಟಾಪಿಗೆ ಚೆನ್ನಾಗಿ ಒಗ್ಗುತ್ತವೆ. "ಡಿರ‍್ಯಾಮ್ ಇಲ್ಲದ್ದು ಕೊಳ್ಳಲೇಬೇಡಿ" ಅನ್ನುವುದು ಹಳೆಯ ಮಾತು. ಸಾಟಾ ಡ್ರೈವ್‌ಗೆ ಅದು ಈಗಲೂ ಸರಿ. ಆದರೆ ಇಂಥ ಹೆಚ್ಚಿನ ಎನ್‌ವಿಎಂಇ ಡ್ರೈವ್‌ಗಳು ಲ್ಯಾಪ್‌ಟಾಪಿನ ರ‍್ಯಾಮ್‌ನಿಂದಲೇ ಹಲವು ಎಂಬಿಯಷ್ಟು ಜಾಗ ಸಾಲ ಪಡೆದು ಕೆಲಸ ಸಾಗಿಸುತ್ತವೆ. ಒಂದು ಚಿಪ್ ಕಡಿಮೆ, ಕರೆಂಟೂ ಕಡಿಮೆ. ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್770, ಸ್ಯಾಮ್ಸಂಗ್ 980 ಈ ಜಾತಿಯವು. 980 ಹೆಸರಿನ ಮುಂದೆ ಪ್ರೊ ಇದ್ದರೆ ಅದು ಬೇರೆಯದೇ ಡ್ರೈವ್.

5. ಟಿಎಲ್‌ಸಿ, ಕ್ಯೂಎಲ್‌ಸಿ ಗಲಾಟೆ

ಚಿಪ್ಪಿನ ಒಂದು ಕೋಶದಲ್ಲಿ ಮೂರು ಬಿಟ್ ತುಂಬಿದರೆ ಟಿಎಲ್‌ಸಿ, ನಾಲ್ಕು ತುಂಬಿದರೆ ಕ್ಯೂಎಲ್‌ಸಿ. ಒಂದೇ ಬಸ್ಸಿನಲ್ಲಿ ಜಾಸ್ತಿ ಜನ ತುಂಬಿದ ಹಾಗೆ. ಟಿಕೆಟ್ ಅಗ್ಗ, ಹತ್ತಿ ಇಳಿಯುವುದು ನಿಧಾನ. ದಿನನಿತ್ಯದ ಕೆಲಸದಲ್ಲಿ ಇದು ಗೊತ್ತಾಗುವುದಿಲ್ಲ, ಏಕೆಂದರೆ ಡ್ರೈವ್ ಒಳಗೆ ವೇಗವಾಗಿ ಬರೆದುಕೊಳ್ಳುವ ಒಂದು ಪಡಸಾಲೆ ಇರುತ್ತದೆ. ಮದುವೆ ವಿಡಿಯೋದಂಥ ನೂರಾರು ಜಿಬಿ ಒಟ್ಟಿಗೆ ಸುರಿದಾಗ ಆ ಪಡಸಾಲೆ ತುಂಬುತ್ತದೆ. ಆಗ ಕೆಲವು ಕ್ಯೂಎಲ್‌ಸಿ ಡ್ರೈವ್‌ಗಳು ಹಳೆಯ ಹಾರ್ಡ್ ಡಿಸ್ಕಿನ ವೇಗಕ್ಕೆ ಇಳಿಯುತ್ತವೆ. ವಿಡಿಯೋ ಎಡಿಟ್ ಮಾಡುವವರು ಟಿಎಲ್‌ಸಿಗೇ ಹೋಗಿ. ಪಾಠ, ಲೆಕ್ಕ, ಸಿನಿಮಾ ಅಷ್ಟೇ ಆದರೆ ಕ್ಯೂಎಲ್‌ಸಿ ಸಾಕು, ಅದೂ ನಿಜವಾಗಿ ಅಗ್ಗವಾಗಿ ಸಿಕ್ಕಿದರೆ.

ಬಾಳಿಕೆಯ ಭಯ ಮಾತ್ರ ಬೇಡ. ಇದನ್ನು ಟಿಬಿಡಬ್ಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ, ಅಂದರೆ ಒಟ್ಟು ಎಷ್ಟು ಟಿಬಿ ಬರೆಯುವವರೆಗೆ ವಾರಂಟಿ ಎಂದು. ಸ್ಯಾಮ್ಸಂಗ್ 990 ಪ್ರೊ 1 ಟಿಬಿಗೆ ಇದು 600. ಕ್ಯೂಎಲ್‌ಸಿ ಇರುವ ಕ್ರೂಶಿಯಲ್ ಪಿ3 ಪ್ಲಸ್ 1 ಟಿಬಿಗೆ 220. ವ್ಯತ್ಯಾಸ ಭಾರೀ ಕಾಣುತ್ತದೆ, ಅಲ್ವಾ? ಲೆಕ್ಕ ಹಾಕಿ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ. 220 ಮುಗಿಯಲು 30 ವರ್ಷ ಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಕೀಲು ಯಾವಾಗಲೋ ಮುರಿದಿರುತ್ತದೆ.

6. ಎಷ್ಟು ದೊಡ್ಡದು?

ಈಗ ಬಳಸುತ್ತಿರುವುದರ ಎರಡರಷ್ಟು. 1 ಟಿಬಿ ಹಾಕಿದರೆ ವಿಂಡೋಸ್ 931 ಜಿಬಿ ಅಂತಲೇ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದ್ದಲ್ಲ. ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ವಿಂಡೋಸ್ 1,024ರ ಲೆಕ್ಕ ಹಾಕುತ್ತದೆ. ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಒಂದೇ ಸ್ಲಾಟ್ ಇರುವುದರಿಂದ ಆಮೇಲೆ ಇನ್ನೊಂದು ಸೇರಿಸೋಣ ಅನ್ನುವ ಹಾಗಿಲ್ಲ. ಡ್ರೈವನ್ನು ಕುತ್ತಿಗೆವರೆಗೆ ತುಂಬಿದರೆ ಬರೆಯುವ ವೇಗವೂ ಬೀಳುತ್ತದೆ. ಶೇಕಡಾ 10ರಿಂದ 20ರಷ್ಟು ಖಾಲಿ ಬಿಡುವ ಲೆಕ್ಕದಲ್ಲೇ ಕೊಳ್ಳಿ.

7. ಕೊಳ್ಳುವಾಗ

ಆನ್‌ಲೈನಿನಲ್ಲಿ ಕೇಳದ ಹೆಸರಿನ 4 ಟಿಬಿ ಡ್ರೈವ್ ಎರಡು ಸಾವಿರ ರೂಪಾಯಿಗೆ ಕಂಡರೆ ಮುಂದಕ್ಕೆ ಹೋಗಿ. ಅಂಥವು 64 ಜಿಬಿ ಇಟ್ಟುಕೊಂಡು 4 ಟಿಬಿ ಅಂತ ಸುಳ್ಳು ತೋರಿಸುತ್ತವೆ. ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಗಾಳಿಗೆ. ಅನುಮಾನ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಕ್ಕಟೆ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ.

ಜಿಎಸ್‌ಟಿ ಬಿಲ್ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಡ್ರೈವ್‌ನ ಸೀರಿಯಲ್ ನಂಬರ್ ಬರೆಸಿದರೆ ಇನ್ನೂ ಒಳ್ಳೆಯದು. ಒಳ್ಳೆಯ ಡ್ರೈವ್‌ಗಳಿಗೆ ಐದು ವರ್ಷ ವಾರಂಟಿ ಇರುತ್ತದೆ, ಅಗ್ಗದವಕ್ಕೆ ಮೂರು. ವಿದೇಶದಿಂದ ಬರುವವರ ಕೈಯಲ್ಲಿ ತರಿಸುವ ಮೊದಲು ಇಲ್ಲಿ ವಾರಂಟಿ ನಡೆಯುತ್ತದಾ ಕೇಳಿಕೊಳ್ಳಿ. ಇನ್ನೊಂದು ವಿಷಯ. ಕೆಲವು ಕಂಪನಿಗಳು ಡಬ್ಬ, ಹೆಸರು ಹಾಗೇ ಇಟ್ಟು ಒಳಗಿನ ಚಿಪ್ ಬದಲಿಸಿದ್ದು 2021ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹಾಗಾಗಿ ಮೂರು ವರ್ಷ ಹಳೆಯ ರಿವ್ಯೂ ನಂಬಿ ಕೊಳ್ಳಬೇಡಿ.

ಡ್ರೈವ್ ಜೊತೆಗೇ ಒಂದು ಯುಎಸ್‌ಬಿ ಎನ್‌ಕ್ಲೋಷರ್, ಅಂದರೆ ಡ್ರೈವನ್ನು ಹೊರಗಿನಿಂದ ಹಚ್ಚುವ ಡಬ್ಬಿ, ತೆಗೆದುಕೊಳ್ಳಿ. ಯಾಕೆ ಅಂತ ಈಗಲೇ ಗೊತ್ತಾಗುತ್ತದೆ.

8. ಡೇಟಾ ಸಾಗಿಸುವುದು

ಎರಡು ದಾರಿ. ಒಂದು, ಹೊಸ ಡ್ರೈವನ್ನು ಎನ್‌ಕ್ಲೋಷರ್‌ನಲ್ಲಿ ಹಾಕಿ ಹಳೆಯದರ ತದ್ರೂಪು ತೆಗೆಯುವುದು, ಅದೇ ಕ್ಲೋನ್. ಹಲವು ಕಂಪನಿಗಳು ಇದಕ್ಕೆ ತಮ್ಮದೇ ತಂತ್ರಾಂಶ ಕೊಡುತ್ತವೆ. ಕ್ಲೋನ್‌ಜಿಲ್ಲಾ ಪುಕ್ಕಟೆ, ಆದರೆ ಅದರ ಮುಖ ನೋಡಿದರೆ ಹೊಸಬರಿಗೆ ಹೆದರಿಕೆಯಾಗುತ್ತದೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಎರಡು ಸಲ ನೋಡಿ. ತಿರುಗುಮುರುಗಾದರೆ ಖಾಲಿ ಡ್ರೈವಿನ ತದ್ರೂಪು ಸಿಗುತ್ತದೆ. ಇನ್ನೊಂದು ದಾರಿ, 8 ಜಿಬಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಮಾಡಿಕೊಂಡು ಹೊಸದಾಗಿ ಹಾಕುವುದು. ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಅಂಟಿರುತ್ತದೆ, ಡ್ರೈವ್ ಬದಲಿಸಿದರೂ ಹೋಗುವುದಿಲ್ಲ. ಐದು ವರ್ಷದ ಕಸ ತುಂಬಿದ ಲ್ಯಾಪ್‌ಟಾಪಿಗೆ ನಾನು ಎರಡನೆಯ ದಾರಿಯನ್ನೇ ಹಿಡಿಯುತ್ತೇನೆ.

ಹೊಸದಾಗಿ ಹಾಕುವವರು ಮರೆಯುವುದು ಏನೆಂದರೆ ಸಿ ಡ್ರೈವಿನ ಮೂಲೆಯಲ್ಲಿರುವ ಟ್ಯಾಲಿ ಡೇಟಾ ಫೋಲ್ಡರ್, ಮತ್ತು ನುಡಿ, ಬರಹ ಫಾಂಟ್‌ಗಳು. ಯುನಿಕೋಡ್‌ಗೆ ಮುಂಚಿನ ಹಳೆಯ ಕನ್ನಡ ಕಡತಗಳು ಆ ಫಾಂಟ್ ಇಲ್ಲದೆ ಬರೀ ಗೀಚಿದ ಹಾಗೆ ಕಾಣುತ್ತವೆ. ನಮ್ಮ ಮಾವನವರು ಹತ್ತು ವರ್ಷ ಟೈಪ್ ಮಾಡಿದ್ದೆಲ್ಲ ಹೋಯಿತು ಅಂತ ಅರ್ಧ ದಿನ ಊಟ ಬಿಟ್ಟು ಕೂತಿದ್ದರು. ಫಾಂಟ್ ಹಾಕಿದ ಮೇಲೆ ಎಲ್ಲವೂ ಬಂತು.

ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯಾ ನೋಡಿ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗುವ ಹಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಕೇಳದೆಯೇ ಆನ್ ಆಗಿರುತ್ತದೆ. 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಹಳೆಯ ಡ್ರೈವ್ ಎನ್‌ಕ್ಲೋಷರ್‌ನಲ್ಲಿ ತೆರೆಯುವುದಿಲ್ಲ.

9. ಕೂರಿಸುವುದು

ಸಣ್ಣ ತಲೆಯ ಫಿಲಿಪ್ಸ್ ಸ್ಕ್ರೂ ಡ್ರೈವರ್ ಬೇಕು, ಕೆಲವು ಲ್ಯಾಪ್‌ಟಾಪಿಗೆ ಟಿ5 ಟಾರ್ಕ್ಸ್ (ನಕ್ಷತ್ರದ ತುದಿಯದು). ಎಕ್ಸ್1 ಕಾರ್ಬನ್‌ನಲ್ಲಿ ಐದೇ ಸ್ಕ್ರೂ, ಅವೂ ಮುಚ್ಚಳದಿಂದ ಉದುರುವುದಿಲ್ಲ. ಎಲ್ಲರಿಗೂ ಆ ಭಾಗ್ಯ ಇಲ್ಲ. ಬೇರೆಯವುಗಳಲ್ಲಿ ಉದ್ದದ ಮತ್ತು ಗಿಡ್ಡ ಸ್ಕ್ರೂ ಬೆರೆತಿರುತ್ತವೆ, ಇನ್ನೂ ಒಂದೆರಡು ರಬ್ಬರ್ ಕಾಲಿನ ಕೆಳಗೆ ಅಡಗಿರುತ್ತವೆ. ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು ಆಯಾ ಜಾಗದಲ್ಲೇ ಸ್ಕ್ರೂ ಇಡಿ. ಮುಚ್ಚಳ ಎಬ್ಬಿಸಲು ಚಾಕು ಬೇಡ. ಹಳೆಯ ಎಟಿಎಂ ಕಾರ್ಡ್ ಸಾಕು.

ಒಳಗೆ ಕೈ ಹಾಕುವ ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಿ. ಥಿಂಕ್‌ಪ್ಯಾಡ್‌ನಲ್ಲಿ ಬಯಾಸ್ (ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ಒಳಗೇ ಬ್ಯಾಟರಿ ನಿಲ್ಲಿಸುವ ಆಯ್ಕೆ ಇದೆ. ಹಳೆಯ ಡ್ರೈವ್‌ನ ಸ್ಕ್ರೂ ತೆಗೆದರೆ ಅದು ತಾನಾಗಿ ಓರೆಯಾಗಿ ಏಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ ಒಳಗೆ ತಳ್ಳಿ, ಮೆಲ್ಲಗೆ ಕೆಳಕ್ಕೆ ಒತ್ತಿ, ಸ್ಕ್ರೂ ಹಾಕಿ. ಹಳೆಯದರ ಮೇಲೆ ಶಾಖ ಸಾಗಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ಅಥವಾ ತಾಮ್ರದ ತಗಡು ಇದ್ದರೆ ಹೊಸದಕ್ಕೂ ಬೇಕು, ಬಿಸಾಡಬೇಡಿ. ಡ್ರೈವ್ ಮೇಲಿನ ಸ್ಟಿಕ್ಕರ್ ಕೀಳಬೇಡಿ, ಕಿತ್ತರೆ ವಾರಂಟಿಗೆ ಕುತ್ತು. ಖಾಲಿ ಸ್ಲಾಟಿಗೆ ಸ್ಕ್ರೂ ಇಲ್ಲದಿದ್ದರೆ ಹೆಚ್ಚಾಗಿ ಎಂ2 ಅಳತೆಯ, 3 ಮಿ.ಮೀ. ಉದ್ದದ್ದು ಹೊಂದುತ್ತದೆ. ಸ್ಲಾಟ್ ಎಂ.2, ಸ್ಕ್ರೂ ಎಂ2. ಹೆಸರು ಒಂದೇ ಥರ, ನೆಂಟಸ್ತನ ಏನೂ ಇಲ್ಲ.

10. ಆನ್ ಮಾಡಿದ ಮೇಲೆ

ಇಂಟೆಲ್ 11ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕುವಾಗ ಒಮ್ಮೊಮ್ಮೆ ಡ್ರೈವ್ ಪಟ್ಟಿಯೇ ಖಾಲಿ ಬರುತ್ತದೆ. ಹೊಸ ಡ್ರೈವ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಬಯಾಸ್‌ನಲ್ಲಿ ವಿಎಂಡಿ ಎಂಬ ಇಂಟೆಲ್‌ನ ಸ್ಟೋರೇಜ್ ಸೆಟ್ಟಿಂಗ್ ಆನ್ ಇರುವುದರಿಂದ ಹಾಗೆ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಎಕ್ಸ್‌ಟ್ರಾಕ್ಟ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. "ಲೋಡ್ ಡ್ರೈವರ್" ಒತ್ತಿ ಅದನ್ನು ತೋರಿಸಿದರೆ ಡ್ರೈವ್ ಕಾಣಿಸಿಕೊಳ್ಳುತ್ತದೆ.

ಎಲ್ಲಾ ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಹಾಕಿ ನೋಡಿ. ಡ್ರೈವ್ ಎಷ್ಟು ಗಂಟೆ ಓಡಿದೆ ಎಂದು ಅದರಲ್ಲಿ ಇರುತ್ತದೆ. ಹೊಸದು ಅಂತ ಕೊಟ್ಟದ್ದು 900 ಗಂಟೆ ಓಡಿದ್ದರೆ ಅದು ಹೊಸದಲ್ಲ. ಎಷ್ಟು ಲೇನ್‌ನಲ್ಲಿ ಓಡುತ್ತಿದೆ ಎಂಬುದೂ ಅಲ್ಲೇ ಕಾಣುತ್ತದೆ. ದೊಡ್ಡ ಕಡತ ಕಾಪಿ ಮಾಡುತ್ತಾ ಶಾಖ ಗಮನಿಸಿ. 60ರ ಆಸುಪಾಸು ಇದ್ದರೆ ಆರಾಮ. ಸುಮ್ನೆ ಇದ್ದಾಗಲೂ 70 ಡಿಗ್ರಿ ದಾಟುತ್ತಿದ್ದರೆ ಥರ್ಮಲ್ ಪ್ಯಾಡ್ ಸರಿಯಾಗಿ ಕೂತಿಲ್ಲ.

ಹಳೆಯ ಡ್ರೈವನ್ನು ಒಂದು ತಿಂಗಳು ಹಾಗೇ ಇಟ್ಟುಕೊಳ್ಳಿ. ಏನಾದರೂ ಬಿಟ್ಟುಹೋಗಿರುವುದು ನೆನಪಾಗುವುದು ಆ ತಿಂಗಳಲ್ಲೇ. ಆಮೇಲೆ ಅಳಿಸಿ ಎನ್‌ಕ್ಲೋಷರ್‌ನಲ್ಲಿ ಹಾಕಿ ಬ್ಯಾಕಪ್‌ಗೆ ಬಳಸಬಹುದು. ಆದರೆ ಮದುವೆ ಫೋಟೋ ತುಂಬಿ ಬೀರುವಿನಲ್ಲಿ ಸೀರೆ ಕೆಳಗಿಟ್ಟು ನಾಲ್ಕು ವರ್ಷ ಮರೆಯಬೇಡಿ. ಕರೆಂಟ್ ಇಲ್ಲದೆ ಬಹುಕಾಲ ಬಿದ್ದಿದ್ದರೆ ಎಸ್‌ಎಸ್‌ಡಿಯಲ್ಲಿರುವುದು ನಿಧಾನಕ್ಕೆ ಮಾಸುತ್ತದೆ, ಸೆಕೆ ಜಾಸ್ತಿ ಇರುವ ಊರಿನಲ್ಲಿ ಇನ್ನೂ ಬೇಗ. ನಾನು ದಸರಾಕ್ಕೆ ಒಮ್ಮೆ, ಯುಗಾದಿಗೆ ಒಮ್ಮೆ ಹೊರತೆಗೆದು ಲ್ಯಾಪ್‌ಟಾಪಿಗೆ ಹಚ್ಚಿ, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಒಳಗಿಡುತ್ತೇನೆ.